ಮುಯ್ಯಾಳಿನ ದಿನದ ಗಿಟಾರು

ಕೊಯ್ದು ಹರಡಿದ್ದ ಹುಲ್ಲು ಒಣಗಿ ಹದಕ್ಕೆ ಬಂದಿತ್ತು. ಇನ್ನೊಂದು ಬಿಸಿಲು ಹೆಚ್ಚಾದರೆ ಎಲೆಯೆಲ್ಲ ಪುಡಿಯಾಗಿ ದಂಟು ಮಾತ್ರ ಉಳಿಯುತ್ತದೆ, ಒಂದು ಮಳೆ ಬಿದ್ದರೆ ಕೊಳೆಯುತ್ತದೆ. ಇವೆರಡರ ನಡುವೆ ಸಿಗುವ ದಿನವನ್ನು ಹಿಡಿದುಕೊಳ್ಳಲು ಮೇಲ್ಮನೆಯವರ ಹೊಲದಲ್ಲಿ ಬೆಳಗಿನಿಂದಲೇ ಟ್ರಾಕ್ಟರು ಗುರುಗುಟ್ಟುತ್ತಿತ್ತು. ಅವನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ ಆ ಸದ್ದನ್ನು ಕೇಳುತ್ತಿದ್ದ. ನಸುಕಿನಲ್ಲೇ ಎದ್ದು ಹಾಲಿನ ವ್ಯಾನು ತೆಗೆದು, ರಸ್ತೆಬದಿಯ ಕಟ್ಟೆಗಳಿಂದ ತುಂಬಿದ ಕ್ಯಾನುಗಳನ್ನು ಎತ್ತಿ ಡೈರಿಗೆ ಸುರಿದು, ಖಾಲಿ ಕ್ಯಾನುಗಳನ್ನು ಮತ್ತೆ ಅದೇ ಕಟ್ಟೆಗಳ ಮೇಲಿಟ್ಟು ಬಂದಾಗಿತ್ತು. ಬೆನ್ನು ನಿಜವಾಗಿಯೂ ಸ್ವಲ್ಪ ಹಿಡಿದಿತ್ತು. ದಿನವೂ ಹಿಡಿಯುವಷ್ಟೇ. ಆ ಸ್ವಲ್ಪವನ್ನೇ ಎಳೆದು ಎಳೆದು ಇಡೀ ಮೈಗೆ ಹೊದ್ದುಕೊಂಡು ಮಲಗಿದ್ದ. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ದಣಿವಾಗುತ್ತಿರಲಿಲ್ಲವೇನೋ. ಅರ್ಧ ನಿಜವನ್ನು ಹಿಡಿದುಕೊಂಡಿರುವುದಕ್ಕೆ ಹೆಚ್ಚು ತ್ರಾಣ ಬೇಕು.

ಹೆಂಡತಿ ತಲೆಗೆ ಬಟ್ಟೆ ಬಿಗಿದುಕೊಂಡು, ಬಾಗಿಲ ಹಿಂದೆ ಒರಗಿಸಿದ್ದ ಅವನ ಕವೆಗೋಲನ್ನು ಎತ್ತಿಕೊಂಡಳು. ಹುಲ್ಲನ್ನು ಚುಚ್ಚಿ ಎತ್ತಿ ಟ್ರೇಲರಿಗೆ ಹಾಕುವ ಆ ಕೋಲಿನ ಹಿಡಿ ಅವನ ಕೈಯ ಅಳತೆಗೆ ಸವೆದಿತ್ತು.

"ಎಣ್ಣೆ ತಿಕ್ಕಿ ಹೋಗ್ಲಾ?" ಎಂದಳು.

"ಬೇಡ. ಸುಮ್ನೆ ಬಿದ್ಕೊಂಡಿದ್ರೆ ಸರಿಹೋಗುತ್ತೆ."

"ಮೇಲ್ಮನೆ ಅಣ್ಣ ಏನಂದ್ಕೋತಾರೋ."

"ನೀನು ಹೋಗ್ತಿದೀಯಲ್ಲ."

"ನಾನು ಹೋದ್ರೆ ನೀವು ಹೋದಂಗಾಗುತ್ತಾ? ಟ್ರೇಲರು ಅರ್ಧ ತುಂಬಿದ ಮೇಲೆ ನನ್ನ ತೋಳು ಎಟುಕಲ್ಲ." ಹೊರಡುವಾಗ ಅವಳ ಕಣ್ಣು ಮಂಚದ ಕೆಳಗೆ ಒಮ್ಮೆ ಹೋಗಿ ಬಂತು. ಅಥವಾ ಹಾಗೆಂದು ಅವನಿಗನ್ನಿಸಿತು.

ಹುಲ್ಲಿನ ಕೆಲಸಕ್ಕೆ ಅಲ್ಲಿ ಯಾರೂ ಕೂಲಿ ಕೊಡುತ್ತಿರಲಿಲ್ಲ. ಇವರ ಹೊಲಕ್ಕೆ ಅವರು, ಅವರ ಹೊಲಕ್ಕೆ ಇವರು, ಮುಯ್ಯಾಳು. ಹೋದ ವಾರ ಇವನ ಹುಲ್ಲು ಕೊಟ್ಟಿಗೆಯ ಅಟ್ಟ ಸೇರಿದ್ದು ಮೇಲ್ಮನೆಯಣ್ಣನ ಟ್ರಾಕ್ಟರಿನಲ್ಲಿ, ಆತನ ತೋಳಿನ ಬಲದಲ್ಲಿ. ಯಾರೂ ಬರೆದಿಡುವುದಿಲ್ಲ, ಬಾಯಿಬಿಟ್ಟು ಕೇಳುವುದೂ ಇಲ್ಲ. ಯಾರದೋ ಒಂದು ದಿನ ಯಾವಾಗಲೂ ಯಾರ ಮೇಲೋ ಉಳಿದೇ ಇರುತ್ತದೆ, ಹಾಗೆ ಉಳಿದಿರುವುದರಿಂದಲೇ ಬೇಲಿಯ ಆಚೆಯಿಂದ ಒಬ್ಬರನ್ನೊಬ್ಬರು ಕೂಗುವುದು, ಒಂದು ಮನೆಯ ಗುದ್ದಲಿ ಇನ್ನೊಂದು ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿರುವುದು. ಬೆನ್ನು ಮುರಿದವನು, ಹೆರಿಗೆಯಾದ ಮನೆಯವನು, ಸಾವಿನ ಮನೆಯವನು, ಈ ಮೂವರಿಗೆ ಮಾತ್ರ ವಿನಾಯಿತಿ. ಗಿಟಾರು ಬಂದ ಮನೆಯವನಿಗೂ ಒಂದು ದಿನ ಬೇಕಾಗುತ್ತದೆ ಎಂದು ಯಾವ ಬಾಯಿಂದ ಹೇಳುವುದು?

ಹಿಂದಿನ ಸಂಜೆ ಅದು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತು, "ಇಷ್ಟುದ್ದ ಪೆಟ್ಟಿಗೇಲಿ ಯಾರನ್ನ ಮಲಗಿಸ್ಕೊಂಡು ಬಂದ್ರಿ?" ಎಂದು ನಕ್ಕಿದ್ದಳು. ಈಗ ಅವಳ ಹೆಜ್ಜೆ ಗೇಟು ದಾಟಿ ಏರು ಹಾದಿ ಹಿಡಿದದ್ದು ಖಾತ್ರಿಯಾದ ಮೇಲೆ ಅವನು ಎದ್ದು, ಯಾರೂ ನೋಡದಿದ್ದರೂ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಬಗ್ಗಿ, ಪೆಟ್ಟಿಗೆಯನ್ನು ಎಳೆದ. ಕೊಂಡಿಗಳು ಒಂದೊಂದೇ ಟಕ್ಕೆಂದು ಬಿಟ್ಟುಕೊಂಡವು. ಹೊಸ ಮೆರುಗೆಣ್ಣೆಯ ವಾಸನೆ, ಒಳಗಿನ ಮಖಮಲ್ಲಿನ ವಾಸನೆ, ಅವೆರಡರ ಅಡಿಯಲ್ಲಿ ಒಣಮರದ ವಾಸನೆ. ಅದರ ಎದೆ ಕಂದು ಜೇನಿನ ಬಣ್ಣದ್ದು. ಕಿಟಕಿಯ ಬೆಳಕಿಗೆ ತುಸು ವಾಲಿಸಿದರೆ ಮರದೊಳಗಿನ ಪಟ್ಟೆಗಳು ಗಾಳಿಗೆ ತೆನೆ ಬಾಗಿದ ಹಾಗೆ ಒಂದರ ಹಿಂದೊಂದು ಬಾಗುತ್ತಿದ್ದವು. ಎತ್ತಿ ತೊಡೆಯ ಮೇಲಿಟ್ಟುಕೊಂಡರೆ ಆಗತಾನೆ ಹುಟ್ಟಿದ ಕರುವಿನ ಭಾರ. ಕುತ್ತಿಗೆಯ ಹಿಂಬದಿ ನುಣುಪಾಗಿ, ಎಷ್ಟೋ ವರ್ಷ ಹಿಡಿದ ಕವೆಗೋಲಿನ ಹಿಡಿಯಂತಿತ್ತು. ಇನ್ನೂ ನುಡಿಸದೆಯೇ ಅದು ತನ್ನ ಕೈಯನ್ನು ಬಲ್ಲದು ಎನಿಸಿ ಅವನಿಗೆ ಹೆಮ್ಮೆಯಾಯಿತು, ಆ ಹೆಮ್ಮೆಗೆ ನಾಚಿಕೆಯೂ ಆಯಿತು. ಅಂಗಡಿಯಲ್ಲಿ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಷ್ಟು ಸಲ ಡೈರಿಯಿಂದ ಬರುವಾಗ ಆ ಅಂಗಡಿಯ ಗಾಜಿನ ಮುಂದೆ ವ್ಯಾನು ನಿಲ್ಲಿಸಿದ್ದನೋ, ಕೊನೆಗೊಂದು ದಿನ ಹಾಲು ಒಣಗಿ ಬಿಳಿಕಟ್ಟಿದ ಅಂಗಿಯಲ್ಲೇ ಒಳಗೆ ಹೋದಾಗ ಅಂಗಡಿಯವನು ಮೇಲೆ ಕೆಳಗೆ ನೋಡಿ, "ಮಗನಿಗಾ ಸಾರ್?" ಎಂದಿದ್ದ. "ಹೌದು," ಎಂದುಬಿಟ್ಟಿದ್ದ. ಅವನಿಗೆ ಮಗನಿರಲಿಲ್ಲ, ಇದ್ದೊಬ್ಬ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. "ಹಾಗಿದ್ರೆ ಅವನೇ ಬಂದು ನುಡಿಸಿ ನೋಡ್ಲಿ ಸಾರ್. ಇದು ಕೈ ನೋಡಿ ಕೊಡೋ ವಸ್ತು." "ಅವನಿಗೆ ಪುರುಸೊತ್ತಿಲ್ಲ," ಎಂದು ಇಲ್ಲದ ಮಗನ ಪರವಾಗಿ ಒಂದು ತಂತಿಯನ್ನು ಮಾತ್ರ ಉಗುರಿನಿಂದ ಮೀಟಿ, ಮಡಕೆ ಕೊಳ್ಳುವವನಂತೆ ತಲೆಯಾಡಿಸಿ, ದುಡ್ಡು ಎಣಿಸಿಕೊಟ್ಟು ಪೆಟ್ಟಿಗೆ ಎತ್ತಿಕೊಂಡು ಹೊರಬಂದಿದ್ದ. ತನಗೇ ಎಂದು ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಈ ವಯಸ್ಸಿನಲ್ಲಿ ತನಗೊಂದು ಆಸೆಯಿದೆ ಎನ್ನುವುದನ್ನು ಅಪರಿಚಿತನ ಮುಂದೆ ಬಿಚ್ಚಿಡುವುದು ಮಾತ್ರ ಅಂಗಿ ಕಳಚಿ ನಿಂತಷ್ಟು ಕಷ್ಟವಾಗಿತ್ತು.

ಅದು ಕರೆಂಟಿನ ಗಿಟಾರು; ಸದ್ದು ಹೊರಡಿಸುವ ಸ್ಪೀಕರ್ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ, ಪ್ಲಗ್ಗು ಇದ್ದದ್ದು ಅಲ್ಲಿಯೇ. ಕಿಟಕಿ ಮೇಲ್ಮನೆಯ ಹೊಲದ ಕಡೆಗೆ ತೆರೆದಿತ್ತು. ಮುಚ್ಚಿದರೆ ಈ ಸೆಕೆಗೆ ಕೂರಲಾಗದು. ಅದಕ್ಕೆಂದೇ ಹೆಡ್‌ಫೋನನ್ನೂ ತಂದಿದ್ದ. ಅದನ್ನು ಸಿಕ್ಕಿಸಿದರೆ ಸ್ಪೀಕರು ತಾನಾಗಿ ಬಾಯಿ ಮುಚ್ಚುತ್ತದೆ, ಸದ್ದು ನಿಮ್ಮ ಕಿವಿಗೆ ಮಾತ್ರ ಎಂದು ಅಂಗಡಿಯವನು ಹೇಳಿದ್ದ. ಪೆಟ್ಟಿಗೆಯ ಹಿಂದೆ ಒಂದರ ಪಕ್ಕ ಒಂದು ತೂತುಗಳಿದ್ದವು, ಕೆಳಗೆ ಇರುವೆಯಂಥ ಅಕ್ಷರ. ಓದುವ ಕನ್ನಡಕ ವ್ಯಾನಿನಲ್ಲಿ ಉಳಿದಿತ್ತು. ಅಂಗಳಕ್ಕೆ ಹೋದರೆ ಹೊಲದಿಂದ ಯಾರಾದರೂ ನೋಡಿಯಾರು. ಬೆರಳಿನಿಂದ ತಡವಿ, ಬಿಗಿಯಾಗಿ ಹಿಡಿದ ತೂತಿಗೆ ಹೆಡ್‌ಫೋನಿನ ವೈರು ಸಿಕ್ಕಿಸಿ, ಕಿವಿಗೆ ಹಾಕಿಕೊಂಡು ಒಂದು ತಂತಿ ಮೀಟಿದ. ಸದ್ದು ಬಂತು, ಆದರೆ ತೀರ ಸಣ್ಣಗೆ, ಗೋಡೆಯಾಚೆ ಯಾರೋ ನುಡಿಸಿದ ಹಾಗೆ. ಗುಂಡಿಯನ್ನು ತಿರುಗಿಸಿದ. ಇನ್ನೂ ತಿರುಗಿಸಿದ. ಈಗ ಸರಿಯಾಗಿತ್ತು.

ಒಂದು ಸ್ವರ. ಬೆರಳು ಒತ್ತಿ ಹಿಡಿದಷ್ಟೂ ಹೊತ್ತು ಅದು ನಿಂತಿತ್ತು; ಸೊರಗಲಿಲ್ಲ, ಒಡೆಯಲಿಲ್ಲ, ಕಂಚಿನ ಪಾತ್ರೆಯ ಅಂಚಿನ ಮೇಲೆ ನೀರು ನಿಂತ ಹಾಗೆ ತುಂಬಿಕೊಂಡೇ ನಿಂತಿತ್ತು. ಕಾಲಡಿಯ ನೆಲ ಕೂಡ ಸಣ್ಣಗೆ ನಡುಗಿದಂತಾಗಿ, ಒಳ್ಳೆಯ ವಾದ್ಯವೆಂದರೆ ಇದು, ನೆಲಕ್ಕೂ ಗೊತ್ತಾಗುತ್ತದೆ ಎಂದುಕೊಂಡ. ಕಿಟಕಿಯ ಕಟ್ಟೆಯ ಇನ್ನೊಂದು ತುದಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಬಾಲ ಉಬ್ಬಿಸಿ ಹೊರಕ್ಕೆ ಹಾರಿತು. ಅವನಿಗೆ ನಗು ಬಂತು. ಎಷ್ಟು ದಿನದಿಂದ ಹೀಗೆ ಒಬ್ಬನೇ ಇದ್ದಾಗ ನಗು ಬಂದಿರಲಿಲ್ಲ! ಹಳೆಯ ಗಿಟಾರನ್ನು ನೆನೆದ. ಹಲಗೆ ಅಂಟಿಸಿದ ಎದೆ, ತಂತಿ ಬಿಗಿಯಲು ತಿರುಗಿಸಿದಲ್ಲಿ ನಿಲ್ಲದ ಕಿವಿಗಳು, ಕುತ್ತಿಗೆಯ ಐದನೇ ಮೆಟ್ಟಿಲಿನಲ್ಲಿ ಬೆರಳಿಟ್ಟರೆ ಜೀರುಂಡೆ ಹೊಕ್ಕಂಥ ಕಿರಿಕಿರಿ. ಇದರ ಕಿವಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸ್ವರ ಕೂದಲೆಳೆಯಷ್ಟೇ ಸರಿದು ಅಲ್ಲೇ ನಿಲ್ಲುತ್ತಿತ್ತು. ಬೆರಳುಗಳು ತಾವಾಗಿ ಹಳೆಯ ಕುಣಿತದ ಮಟ್ಟನ್ನು ಹುಡುಕಿಕೊಂಡವು. ಮದುವೆಯ ಚಪ್ಪರಗಳಲ್ಲಿ, ಮೀಸೆ ಆಗತಾನೆ ಕಪ್ಪಾಗುತ್ತಿದ್ದ ದಿನಗಳಲ್ಲಿ, ನಾಲ್ಕು ಜನ ಗೆಳೆಯರ ಮೇಳ ಅದನ್ನು ನುಡಿಸುತ್ತಿತ್ತು. ಮೊದಲ ಭಾಗ ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟ ಹಾಗೆ ಬಂತು. ತನ್ನ ದಪ್ಪಗಾದ, ಕ್ಯಾನಿನ ಹಿಡಿಗೆ ಬಾಗಿಹೋದ ಬೆರಳುಗಳು ಇಷ್ಟು ಸಲೀಸಾಗಿ ಓಡುವುದನ್ನು ಅವನು ಬೇರೆ ಯಾರದೋ ಕೈ ನೋಡಿದಂತೆ ನೋಡಿದ. ಇಷ್ಟಕ್ಕೇ ಒಂದು ದಿನ ಕದ್ದದ್ದು ಸಾರ್ಥಕ ಎನಿಸಿತು. ಆಮೇಲೆ ಮಟ್ಟು ಮೇಲೆ ಹತ್ತುವ ಜಾಗ ಬಂತು, ಮೂರನೇ ಬೆರಳು ತಡವರಿಸಿತು.

ಮತ್ತೆ ಮೊದಲಿನಿಂದ ಹಿಡಿದ. ಅದೇ ಜಾಗ. ಮತ್ತೆ. ಮೇಳದ ಸ್ಪೀಕರು ಡ್ರಮ್ಮು ಎಲ್ಲವನ್ನೂ ಆಗ ಮೇಲ್ಮನೆಯಣ್ಣನೇ ತನ್ನ ಟ್ರೇಲರಿನಲ್ಲಿ ಹೊತ್ತು ತರುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಚಪ್ಪರದ ಹಿಂದೆ ಕೂತು ಪೂರ್ತಿ ಕೇಳುತ್ತಿದ್ದ, ಮುಗಿದ ಮೇಲೆ ಎಲ್ಲವನ್ನೂ ಮತ್ತೆ ತುಂಬಿಸಿ ಒಬ್ಬೊಬ್ಬರನ್ನೇ ಮನೆ ಮುಟ್ಟಿಸಿ ಕೊನೆಗೆ ಇವರಿಬ್ಬರೇ ಉಳಿದಾಗ ಸ್ಟೇರಿಂಗಿನಿಂದ ತಲೆ ತಿರುಗಿಸದೆ ಕೇಳುತ್ತಿದ್ದ: "ಆ ಹತ್ತೋ ಜಾಗದಲ್ಲಿ ಯಾಕೋ ಮುಗ್ಗರಿಸ್ತೀಯ?" "ಗಿಟಾರು ಸರಿ ಇಲ್ಲಣ್ಣ. ಐದನೇ ಮೆಟ್ಟಿಲು ಕಿರುಗುಡುತ್ತೆ." "ಹಾಗಿದ್ರೆ ಒಳ್ಳೇದೊಂದು ತಗೋ. ನಿನ್ನ ಕೈಯಲ್ಲಿ ಏನೋ ಇದೆ." ಪ್ರತಿ ಮದುವೆಯಿಂದ ಬರುವಾಗಲೂ ಅದೇ ಪ್ರಶ್ನೆ, ಅದೇ ಉತ್ತರ. ಮೇಳ ಚದುರಿತು, ಮದುವೆಗಳಿಗೆ ಬೇರೆ ಥರದ ಸದ್ದು ಬಂತು, ಉತ್ತರ ಮಾತ್ರ ಅವನೊಳಗೆ ಹಾಗೇ ಉಳಿಯಿತು. ಅದು ಬರೀ ಉತ್ತರವಾಗಿರಲಿಲ್ಲ, ಒರಗಿ ಕೂರಲು ಒಂದು ಗೋಡೆಯಾಗಿತ್ತು. ಕ್ಯಾನು ಎತ್ತುವಾಗ, ಡೈರಿಯ ಮೇಲ್ವಿಚಾರಕ ಎಲ್ಲರೆದುರು "ಏಯ್ ವ್ಯಾನು, ಬೇಗ" ಎಂದು ಹೆಸರಿಗೂ ಬೆಲೆ ಕೊಡದೆ ಕೂಗುವಾಗ, ತಾನು ಇದಷ್ಟೇ ಅಲ್ಲ, ಒಳ್ಳೆಯ ವಾದ್ಯವೊಂದು ಸಿಕ್ಕಿದ್ದರೆ ಬೇರೆಯೇ ಆಗಿರುತ್ತಿದ್ದೆ ಎಂದು ಆ ಗೋಡೆಗೆ ಒರಗಿ ಎಷ್ಟು ವರ್ಷ ಕಳೆದಿದ್ದ.

ಈಗ ಐದನೇ ಮೆಟ್ಟಿಲಿನ ಮೇಲೆ ಬೆರಳಿಟ್ಟು ಮೀಟಿದ. ಗಂಟೆಯಂಥ ಸ್ವರ. ಆರು, ಏಳು, ಒಂದೊಂದನ್ನೂ ಪರೀಕ್ಷಿಸಿದ, ಕೆಚ್ಚಲು ಮುಟ್ಟಿ ನೋಡುವವನ ಹಾಗೆ. ಎಲ್ಲಿಯೂ ಏನೂ ಇರಲಿಲ್ಲ. ಅಷ್ಟು ಚೆಂದದ ವಸ್ತುವಿನಲ್ಲಿ ಒಂದು ಸಣ್ಣ ಊನಕ್ಕಾಗಿ ಹುಡುಕುತ್ತಿದ್ದೇನೆ, ಸಿಕ್ಕರೆ ಸಂತೋಷಪಡುತ್ತೇನೆ ಎಂದು ಹೊಳೆದಾಗ ಕೈ ನಿಂತಿತು. ಮತ್ತೆ ಮೊದಲಿನಿಂದ ಹಿಡಿದ, ಈ ಸಲ ಹಟದಿಂದ, ಮತ್ತೆ, ಬೆರಳತುದಿ ಕೆಂಪಾಗಿ ತಂತಿಯ ಗೆರೆ ಮೂಡಿ ಉರಿಯುವವರೆಗೆ. ಒಳ್ಳೆಯ ಗಿಟಾರು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಹಳೆಯದರ ಕಿರಿಕಿರಿಯಲ್ಲಿ ಅಡಗಿಕೊಳ್ಳುತ್ತಿದ್ದ ತಪ್ಪು ಇದರಲ್ಲಿ ತೊಳೆದಿಟ್ಟ ತಟ್ಟೆಯ ಮೇಲಿನ ಕೂದಲಿನ ಹಾಗೆ ಕಾಣುತ್ತಿತ್ತು. ಹೆಡ್‌ಫೋನು ತೆಗೆದಾಗ ಕಿವಿಗಳು ಬೆವೆತಿದ್ದವು. ಮೇಲಿನ ಹೊಲದಲ್ಲಿ ಟ್ರಾಕ್ಟರಿನ ಸದ್ದಿರಲಿಲ್ಲ. ಮಾತೂ ಕೇಳಿಸುತ್ತಿರಲಿಲ್ಲ. ಕೆಲಸ ಮುಗಿಯಿತೇನೋ ಎಂದುಕೊಂಡು ಗಿಟಾರನ್ನು ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ತಾನೂ ಗೋಡೆಗೆ ಮುಖ ಮಾಡಿ ಮಲಗಿದ.

ಹೆಂಡತಿ ಬಂದದ್ದು ಬಿಸಿಲು ಅಂಗಳ ದಾಟಿದ ಮೇಲೆ. ಹಿತ್ತಿಲ ನಲ್ಲಿಯಲ್ಲಿ ಕಾಲು ತೊಳೆಯುತ್ತಾ ಏನೋ ಗುನುಗುತ್ತಿದ್ದಳು. ಅವಳು ಗುನುಗುವುದೇ ಅಪರೂಪ. ಅವನು ಕಿವಿಗೊಟ್ಟ. ಅದೇ ಕುಣಿತದ ಮಟ್ಟು. ಮೇಲೆ ಹತ್ತುವ ಜಾಗಕ್ಕೆ ಬಂದಾಗ ಅವಳೂ ಅಲ್ಲೇ, ಸರಿಯಾಗಿ ಅವನು ಮುಗ್ಗರಿಸುವ ಕಡೆಯೇ ಮುಗ್ಗರಿಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು.

ಅವಳು ಒಳಬಂದು ಕವೆಗೋಲನ್ನು ಬಾಗಿಲ ಹಿಂದಿಟ್ಟಳು. ತಲೆಯ ಬಟ್ಟೆಯಲ್ಲಿ, ಕುತ್ತಿಗೆಯ ಬೆವರಿನಲ್ಲಿ ಹುಲ್ಲಿನ ಚೂರುಗಳು ಅಂಟಿದ್ದವು. "ಬೆನ್ನು ಹೇಗಿದೆ?"

"ಪರವಾಗಿಲ್ಲ." ಆಮೇಲೆ, "ಅದು ಎಲ್ಲಿ ಕೇಳ್ದೆ ನೀನು?"

"ಎಲ್ಲಿ ಕೇಳೋದು, ಹೊಲದಲ್ಲೇ ನಿಂತ್ಕೊಂಡು ಕೇಳ್ದೆ." ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಸಿಟ್ಟು ಮಾಡಲೂ ತ್ರಾಣವಿಲ್ಲದವಳ ಹಾಗೆ ಮೆತ್ತಗೆ ಮಾತಾಡಿದಳು. "ಮೇಲ್ಮನೆ ಅತ್ತಿಗೆ ಕೇಳಿದ್ರು, ಹೇಗಿದ್ದಾರೆ ಅಂತ. ಪಾಪ, ಮಗ್ಗುಲು ಬದಲಾಯ್ಸೋಕೂ ಆಗ್ತಿಲ್ಲ ಅಂದೆ. ಅಂದು ಇನ್ನೂ ಬಾಯಿ ಮುಚ್ಚಿಲ್ಲ, ಶುರುವಾಯ್ತು ನಿಮ್ದು."

"ಹೆಡ್‌ಫೋನು ಹಾಕ್ಕೊಂಡಿದ್ದೆ ಕಣೆ ನಾನು!"

"ನೀವು ಹಾಕ್ಕೊಂಡಿದ್ರಿ. ಊರು ಹಾಕ್ಕೊಂಡಿರ್ಲಿಲ್ಲ."

ಅವನು ಎದ್ದು ಹೋಗಿ ಸ್ಪೀಕರ್ ಪೆಟ್ಟಿಗೆಯ ಹಿಂದೆ ನೋಡಿದ. ಕನ್ನಡಕವಿಲ್ಲದೆಯೂ ಈಗ ಕಂಡಿತು: ಹೆಡ್‌ಫೋನಿನ ಪುಟ್ಟ ಚಿತ್ರವಿದ್ದ ತೂತು ಖಾಲಿಯಾಗಿತ್ತು, ವೈರು ಅದರ ಪಕ್ಕದ್ದಕ್ಕೆ ಸಿಕ್ಕಿಕೊಂಡಿತ್ತು. ಸದ್ದು ಸಾಲದೆಂದು ಗುಂಡಿಯನ್ನು ತಿರುಗಿಸಿದ್ದು, ನೆಲ ನಡುಗಿದ್ದು, ಬೆಕ್ಕು ಹಾರಿದ್ದು, ಒಂದೊಂದೇ ವಾಪಸು ಬಂದು ಎದುರು ನಿಂತವು.

"ಟ್ರಾಕ್ಟರು ನಿಲ್ಸಿಬಿಟ್ರು ಸ್ವಲ್ಪ ಹೊತ್ತು, ಕೇಳೋಕೆ," ಎಂದಳು ಅವಳು. "ಎಲ್ಲರೂ ನನ್ನ ಮುಖ ನೋಡಿದ್ರು. ನಾನು ಹುಲ್ಲು ನೋಡ್ದೆ. ಯಾರೂ ಒಂದು ಮಾತು ಆಡ್ಲಿಲ್ಲ ರೀ. ಬೈದಿದ್ರೆ ನಾನೂ ನಾಲ್ಕು ಬೈದು ಹಗುರ ಆಗ್ತಿದ್ದೆ." ಅಂಗೈ ತೆರೆದು ನೋಡಿಕೊಂಡಳು, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. "ನಂಗೆ ಹೇಳಿದ್ರೆ ನಾನೇ ಏನಾದ್ರೂ ಚೆನ್ನಾಗಿರೋ ಸುಳ್ಳು ಹುಡುಕ್ತಿದ್ದೆ."

ಅವನು ಬಂದು ಮಂಚದ ಅಂಚಿನಲ್ಲಿ ಕೂತ. ಅವಳ ಬೊಬ್ಬೆಯನ್ನೂ ತನ್ನ ಬೆರಳತುದಿಯ ಗೆರೆಗಳನ್ನೂ ನೋಡಿದ. ಎರಡೂ ಒಂದೇ ದಿನದ್ದು. ಅವನು ಕೈಯನ್ನು ಮಡಿಚಿ ತೊಡೆಯ ಕೆಳಗೆ ಇಟ್ಟುಕೊಂಡ.

ಗೇಟಿನ ಅಗುಳಿ ಸದ್ದಾಗಿ ಅವನು ಹೊರಬಂದ. ಮೇಲ್ಮನೆಯಣ್ಣ. ಹೆಗಲ ಮೇಲೆ ಮಡಿಸಿದ ನೀಲಿ ಟಾರ್ಪಾಲು. ಆತ ಅಂಗಳದಲ್ಲೇ ನಿಂತು ಅದನ್ನು ಕಟ್ಟೆಯ ಮೇಲಿಳಿಸಿದ. ಎಷ್ಟೋ ವರ್ಷದ ಹಿಂದೆ ಯಾವುದೋ ಮಳೆಗೆಂದು ಕೊಟ್ಟದ್ದು, ಇವನಿಗೆ ಮರೆತೇಹೋಗಿತ್ತು. ಕೆಸರು ತೊಳೆದು, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದರು.

"ನಿಂದು ನಮ್ಮಲ್ಲೇ ಉಳ್ಕೊಂಡಿತ್ತು," ಎಂದ ಮೇಲ್ಮನೆಯಣ್ಣ.

"ಇರ್ಲಿ ಬಿಡಿ ಅಣ್ಣ ಅಲ್ಲೇ. ಈಗ ಯಾಕೆ ಅದನ್ನ…"

"ಇಲ್ಲ, ಒಬ್ಬರದ್ದು ಇನ್ನೊಬ್ಬರ ಹತ್ರ ಯಾಕೆ."

"ಮೋಡ ಬೇರೆ ಏಳ್ತಿದೆ. ಹುಲ್ಲೆಲ್ಲ ಒಳಗಾಯ್ತಾ?"

"ಒಂದು ಟ್ರೇಲರು ಹೊರಗೇ ಉಳೀತು. ಇಳಿಸೋಕೆ ಕೈ ಸಾಲ್ಲಿಲ್ಲ." ಆತನ ದನಿಯಲ್ಲಿ ಕೊಂಕಿರಲಿಲ್ಲ, ಬರೀ ದಣಿವಿತ್ತು. "ಗೋಣಿಚೀಲ ಇದೆ, ಹೊದಿಸ್ತೀನಿ."

"ನಾಳೆ ಹಾಲು ಹಾಕಿದವನೇ ಬಂದ್ಬಿಡ್ತೀನಿ, ಉಳಿದಿದ್ದೆಲ್ಲ…"

"ಬೇಡ. ತಂಗಿ ಬಂದಿದ್ಳಲ್ಲ, ಚೆನ್ನಾಗೇ ದುಡಿದ್ಳು. ಲೆಕ್ಕ ಸರಿಹೋಯ್ತು."

ಲೆಕ್ಕ ಸರಿಹೋಯ್ತು. ಇಷ್ಟು ವರ್ಷದಲ್ಲಿ ಆ ಮಾತನ್ನು ಆತನ ಬಾಯಲ್ಲಿ ಅವನು ಕೇಳಿರಲಿಲ್ಲ. ಜಗಳವಾಡಿ ಬೇಲಿ ಎತ್ತರಿಸಿಕೊಂಡ ಮನೆಗಳಲ್ಲಿ ಆಡುವ ಮಾತು ಅದು. ಹೊರಡಲು ತಿರುಗಿದ ಮೇಲ್ಮನೆಯಣ್ಣ ಕಿಟಕಿಯ ಕಡೆಗೊಮ್ಮೆ ನೋಡಿದ.

"ಹೊಸದು ಚೆನ್ನಾಗಿದೆ. ಅಲ್ಲೀತನಕ ಕೇಳಿಸ್ತು, ಒಂದೊಂದು ಸ್ವರಾನೂ ಬಿಡಿಬಿಡಿಯಾಗಿ."

"ಹೂಂ ಅಣ್ಣ."

"ಆ ಹತ್ತೋ ಜಾಗದಲ್ಲಿ ಇನ್ನೂ ಮುಗ್ಗರಿಸ್ತೀಯ."

ಅವನ ಬಾಯಿ ತಾನಾಗಿ ತೆರೆಯಿತು; ಹಳೆಯ ಉತ್ತರಕ್ಕೆ ತಡಕಾಡಿತು. ಅದು ಅಲ್ಲಿರಲಿಲ್ಲ. ಮೇಲ್ಮನೆಯಣ್ಣ ತುಸು ಹೊತ್ತು ಕಾದ, ನಿಜವಾಗಿಯೂ ಕಾದ ಹಾಗೆ ಕಂಡಿತು, ಆಮೇಲೆ ಗೇಟು ಹಾಕಿಕೊಂಡು ಏರುಹಾದಿ ಹತ್ತಿದ. ಆತನ ನಡಿಗೆ ನಿಧಾನವಾಗಿತ್ತು. ಒಂದು ಕೈ ಸೊಂಟದ ಮೇಲಿತ್ತು. ಬೆನ್ನು ನಿಜವಾಗಿ ಹಿಡಿದವರು ಹೀಗೆ ನಡೆಯುತ್ತಾರೆ ಎಂದು ಅವನು ನೋಡುತ್ತಾ ನಿಂತ.

ಗಾಳಿ ಎದ್ದಿತು. ಅಂಗಳದ ಧೂಳು ಸುತ್ತಿ ಕಟ್ಟೆಯ ಮೇಲಿನ ಟಾರ್ಪಾಲಿನ ಅಂಚು ಪಟಪಟ ಬಡಿಯಿತು. ಬೆಟ್ಟದ ಬದಿಯಿಂದ ಮೋಡ ಕೊಟ್ಟಿಗೆಯ ಸೂರಿನವರೆಗೆ ಬಂದಿತ್ತು. ಒಳಗೆ ಮಂಚದ ಕೆಳಗೆ ಪೆಟ್ಟಿಗೆ ಇತ್ತು, ಅದರೊಳಗೆ ಆ ಕಂದು ಜೇನಿನ ಎದೆ; ಈಗಲೂ, ಇಷ್ಟೆಲ್ಲ ಆದ ಮೇಲೂ, ತೆಗೆದು ಇನ್ನೊಮ್ಮೆ ಆ ಜಾಗವನ್ನು ಪ್ರಯತ್ನಿಸಬೇಕೆನಿಸಿದ್ದು ಅವನಿಗೆ ಅಸಹ್ಯವೂ ಆಯಿತು, ಎಲ್ಲೋ ಒಂದು ಮೂಲೆಯಲ್ಲಿ ಸಮಾಧಾನವೂ ಆಯಿತು. ಮೊದಲ ಹನಿ ಕೈಮೇಲೆ ಬಿತ್ತು. ಅವನು ಬಗ್ಗಿ ಟಾರ್ಪಾಲನ್ನು ಹೆಗಲಿಗೆ ಎತ್ತಿಕೊಂಡ. ಸೊಂಟದಲ್ಲಿ ಏನೋ ಛಳಕ್ಕೆಂದಿತು.

"ಬೆನ್ನು?" ಎಂದಳು ಹೆಂಡತಿ ಬಾಗಿಲಿಂದ.

"ಈಗ ನೋಯ್ತಿದೆ," ಎಂದ. "ನಿಜವಾಗ್ಲೂ."

ಅವಳು ನಕ್ಕಳೋ ಏನೋ, ಅವನು ತಿರುಗಿ ನೋಡದೆ ಗೇಟು ದಾಟಿದ. ಏರುಹಾದಿಯಲ್ಲಿ ಹನಿಗಳು ಅಲ್ಲೊಂದು ಇಲ್ಲೊಂದು ಧೂಳಿನಲ್ಲಿ ಕುಳಿ ಮಾಡುತ್ತಿದ್ದವು. ಮೇಲ್ಮನೆಯ ಅಂಗಳದಲ್ಲಿ ಟ್ರೇಲರು ನಿಂತಿತ್ತು, ಮೇಲೆ ಹುಲ್ಲು ಬೆಟ್ಟದಂತೆ ಉಬ್ಬಿ, ಅದರ ನೆತ್ತಿಯ ಮೇಲೆ ನಾಲ್ಕಾರು ಗೋಣಿಚೀಲಗಳು ತಲೆಗೆ ಸಾಲದ ಟೋಪಿಯ ಹಾಗೆ ಕೂತಿದ್ದವು. ಅಂಗಳದಲ್ಲಿ ಯಾರೂ ಇರಲಿಲ್ಲ. ಅವನು ಚಕ್ರದ ಮೇಲೆ ಕಾಲಿಟ್ಟು ಹತ್ತಿ ಟಾರ್ಪಾಲು ಬಿಚ್ಚಿದ. ಗಾಳಿ ಅದನ್ನು ಕಸಿದುಕೊಳ್ಳಲು ನೋಡಿತು. ಎದೆ ಒತ್ತಿ ಹಿಡಿದು, ಹಿಂದಕ್ಕೆಸೆದು, ಇಳಿದು, ಮೂಲೆಯ ಹಗ್ಗವನ್ನು ಕೊಂಡಿಗೆ ಎಳೆದ. ತಂತಿ ಕೊರೆದಿದ್ದ ಬೆರಳತುದಿಗಳ ಮೇಲೆ ನಾರಿನ ಹಗ್ಗ ಉಜ್ಜಿ ಕಣ್ಣಲ್ಲಿ ನೀರು ಬಂತು. ಒಂದು ಮೂಲೆ ಕಟ್ಟಿ ಎರಡನೆಯದಕ್ಕೆ ಬಂದಾಗ ಮೈಮೇಲೆ ಯಾರದೋ ಕಣ್ಣಿದೆ ಎನಿಸಿತು. ಮೇಲ್ಮನೆಯಣ್ಣ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ಅವನು ಕೈ ನಿಲ್ಲಿಸಲಿಲ್ಲ. ಹಗ್ಗವನ್ನು ನೋಡುತ್ತಲೇ ಹೇಳಿದ: "ಬೆನ್ನು ಸರಿಯಾಗೇ ಇತ್ತು ಅಣ್ಣ. ಗಿಟಾರೂ ಸರಿಯಾಗೇ ಇದೆ."

ಮಳೆ ಟಾರ್ಪಾಲಿನ ಮೇಲೆ ಒಮ್ಮೆಲೇ ಸುರಿಯಿತು. ಆತ ಏನಾದರೂ ಹೇಳಿದ್ದರೂ ಕೇಳಿಸುತ್ತಿರಲಿಲ್ಲ. ಅವನು ಮೂರನೆಯ ಮೂಲೆಯನ್ನು ಕಟ್ಟಿ, ನೆನೆದು ಮೈಗಂಟಿದ ಅಂಗಿಯಲ್ಲಿ ಸುತ್ತಿ ಬಂದು, ಕೊನೆಯದರ ಹಗ್ಗಕ್ಕೆ ಕೈಹಾಕಿದ. ಬೆರಳುಗಳು ಮರಗಟ್ಟಿ ಗಂಟು ಜಾರುತ್ತಿತ್ತು.

"ಅದನ್ನ ಎರಡು ಸುತ್ತು ಸುತ್ತಿ ಕಟ್ಟು," ಎಂದು ಜಗಲಿಯಿಂದ ಕೂಗಿ ಹೇಳಿದ ಮೇಲ್ಮನೆಯಣ್ಣ. "ಒಂದು ಸುತ್ತಿಗೆ ನಿಲ್ಲಲ್ಲ ಅದು."